ಸಂಬಳವಿಲ್ಲದ ಸಮೀಕ್ಷಕ: ಹಕ್ಕಿಗಳಿಗಾಗಿ ಕಾಡು ಸುತ್ತಿದ ಸಲೀಂ ಅಲಿ

ಭಾರತದ ಪಕ್ಷಿಶಾಸ್ತ್ರದ ಪಿತಾಮಹರೆಂದು ನಾಡು ಗೌರವಿಸುವ ಡಾ. ಸಲೀಂ ಅಲಿ ಅವರ ಹೆಸರಿನ ಹಿಂದಿರುವ ಡಾಕ್ಟರೇಟ್ ವಿಶ್ವವಿದ್ಯಾಲಯಗಳು ಗೌರವಾರ್ಥವಾಗಿ ಕೊಟ್ಟದ್ದು. ಕಾಲೇಜಿನಲ್ಲಿ ಓದಿ ಪಡೆದ ಪದವಿ ಅವರ ಬಳಿ ಇರಲಿಲ್ಲ. ಆ ಕಾರಣಕ್ಕೇ ಸರ್ಕಾರಿ ಹುದ್ದೆಯೊಂದು ಅವರ ಕೈತಪ್ಪಿತು. ಸಿಕ್ಕ ಸಣ್ಣ ಕೆಲಸವೂ ನಾಲ್ಕೇ ವರ್ಷಗಳಲ್ಲಿ ಹೋಯಿತು. ಮೂವತ್ತಮೂರರ ವಯಸ್ಸಿನಲ್ಲಿ ನಿರುದ್ಯೋಗಿಯಾಗಿ ಕುಳಿತ ಈ ಮನುಷ್ಯ ಆಗ ಕೈಗೊಂಡ ನಿರ್ಧಾರ ವಿಚಿತ್ರವಾದುದು. ಕೆಲಸ ಕೊಡುವವರಿಲ್ಲದಿದ್ದರೆ ಸಂಬಳವಿಲ್ಲದೆಯೇ ಕೆಲಸ ಮಾಡುವುದೆಂದು ಅವರು ತೀರ್ಮಾನಿಸಿದರು. ದೇಶೀ ಸಂಸ್ಥಾನಗಳ ಕಾಡುಗಳಲ್ಲಿ ಯಾವ ಹಕ್ಕಿ ಎಲ್ಲಿದೆ, ಏನು ತಿನ್ನುತ್ತದೆ, ಯಾವಾಗ ಗೂಡು ಕಟ್ಟುತ್ತದೆ ಎಂಬುದನ್ನು ಉಚಿತವಾಗಿ ದಾಖಲಿಸಿಕೊಡಲು ಮುಂದಾದರು.

ಇಂದು ಕಾಡಿನ ಸಂಶೋಧನೆಯಲ್ಲಿ ಸ್ವಯಂಸೇವಕರಾಗಿ ದುಡಿಯಲು ನೂರಾರು ಯುವಜನರು ಮುಂದೆ ಬರುತ್ತಾರೆ. ಹುಲಿಗಣತಿ, ಆನೆಗಣತಿ, ಪಕ್ಷಿಗಣತಿಗಳು ಅವರ ನೆರವಿನಿಂದ ನಡೆಯುತ್ತವೆ. ಇಂಥ ದುಡಿಮೆಗೆ ಹೆಸರೇ ಇಲ್ಲದ ಕಾಲದಲ್ಲಿ ಸಲೀಂ ಅಲಿ ಅದನ್ನು ಜೀವನಕ್ರಮವಾಗಿಸಿಕೊಂಡರು. ಅದರ ಫಲವೇನು ಮತ್ತು ಅದರ ಬೆಲೆಯನ್ನು ತೆತ್ತವರಾರು ಎಂಬ ಎರಡು ಪ್ರಶ್ನೆಗಳಿಗೂ ಅವರ ಬದುಕಿನಲ್ಲಿ ಉತ್ತರಗಳಿವೆ.

ಹಳದಿ ಕತ್ತಿನ ಗುಬ್ಬಿ

ಸಲೀಂ ಮೊಯಿಝುದ್ದೀನ್ ಅಬ್ದುಲ್ ಅಲಿ ಜನಿಸಿದ್ದು 1896ರ ನವೆಂಬರ್ 12ರಂದು, ಅಂದಿನ ಬೊಂಬಾಯಿಯಲ್ಲಿ. ಸುಲೇಮಾನಿ ಬೋಹ್ರಾ ಕುಟುಂಬದ ಕಿರಿಯ ಮಗ. ಒಂದು ವರ್ಷ ತುಂಬುವ ಹೊತ್ತಿಗೆ ತಂದೆ, ಮೂರು ವರ್ಷಕ್ಕೆ ತಾಯಿ ತೀರಿಕೊಂಡರು. ಖೇತವಾಡಿಯಲ್ಲಿದ್ದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಈ ಅನಾಥ ಮಕ್ಕಳನ್ನು ಸಾಕಿದರು. ಸ್ವಾತಂತ್ರ್ಯ ಹೋರಾಟಗಾರ ಅಬ್ಬಾಸ್ ತ್ಯಾಬ್ಜಿ ಇದೇ ಬಳಗದವರು.

ಅಮೀರುದ್ದೀನ್ ಬೇಟೆಯ ಹವ್ಯಾಸಿ. ಆ ಮನೆಯ ಹುಡುಗರಿಗೆ ಗಾಳಿಕೋವಿ ಆಟದ ಸಾಮಾನಾಗಿತ್ತು. ಒಂದು ದಿನ ಸಲೀಂ ಹೊಡೆದುರುಳಿಸಿದ ಗುಬ್ಬಿಯ ಕತ್ತಿನ ಮೇಲೆ ಹಳದಿ ಮಚ್ಚೆಯಿತ್ತು. ಅದು ಮನೆಯ ಸೂರಿನಲ್ಲಿ ಗೂಡು ಕಟ್ಟುವ ಗುಬ್ಬಚ್ಚಿಯಂತಿರಲಿಲ್ಲ. ಮಾವನಿಗೂ ಅದರ ಗುರುತು ಹತ್ತಲಿಲ್ಲ. ಅವರು ಹುಡುಗನನ್ನು 1883ರಲ್ಲಿ ಸ್ಥಾಪನೆಯಾಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು.

ಸೊಸೈಟಿಯ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲರ್ಡ್ ಹಕ್ಕಿಯನ್ನು ಹಳದಿ ಕತ್ತಿನ ಗುಬ್ಬಿಯೆಂದು ಗುರುತಿಸಿದರು. ಅಷ್ಟಕ್ಕೇ ಬಿಡದೆ ಬೀರುಗಳ ಸೆಳೆಖಾನೆಗಳನ್ನು ಒಂದೊಂದಾಗಿ ಎಳೆದು, ಹತ್ತಿ ತುಂಬಿ ಕಾಪಿಟ್ಟ ಹಕ್ಕಿಗಳ ಸಾಲುಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ಸತ್ತ ಹಕ್ಕಿಯ ಚರ್ಮ ಸುಲಿದು ಕೆಡದಂತೆ ಇಡುವ ವಿದ್ಯೆಯನ್ನು ಕಲಿಯುವ ಅವಕಾಶವನ್ನೂ ಒದಗಿಸಿದರು. ಬಿಳಿಯರ ಸಂಸ್ಥೆಯಂತಿದ್ದ ಆ ಕಚೇರಿಯಲ್ಲಿ ಭಾರತೀಯ ಬಾಲಕನೊಬ್ಬನಿಗೆ ದೊರೆತ ಈ ಆದರ ಮುಂದೆ ಎಂಬತ್ತು ವರ್ಷಗಳ ನಂಟಾಗಿ ಬೆಳೆಯಿತು.

ಬರ್ಮಾದ ಕಾಡು, ಬರ್ಲಿನಿನ ಗುರು

ಸಲೀಂ ಅವರ ವಿದ್ಯಾಭ್ಯಾಸ ಎಡವುತ್ತಲೇ ಸಾಗಿತು. ಸೇಂಟ್ ಕ್ಸೇವಿಯರ್ ಕಾಲೇಜಿನ ಮೊದಲ ವರ್ಷವೇ ಕಷ್ಟವಾಯಿತು. ಓದು ಬಿಟ್ಟು ಬರ್ಮಾದ ತವಾಯ್ ಸೇರಿದರು. ಅಲ್ಲಿ ಕುಟುಂಬದವರು ಟಂಗ್‌ಸ್ಟನ್ ಅದಿರಿನ ಗಣಿ ಮತ್ತು ಮರಮುಟ್ಟಿನ ವ್ಯವಹಾರ ನಡೆಸುತ್ತಿದ್ದರು. ವ್ಯಾಪಾರ ಅವರಿಗೆ ಒಗ್ಗಲಿಲ್ಲ. ಆದರೆ ಗಣಿಯ ಸುತ್ತಲೂ ದಟ್ಟವಾದ ಉಷ್ಣವಲಯದ ಕಾಡಿತ್ತು. ಲೆಕ್ಕದ ಪುಸ್ತಕಕ್ಕಿಂತ ಆ ಕಾಡೇ ಹೆಚ್ಚು ಕಲಿಸಿತು. ಅಲ್ಲಿನ ಅರಣ್ಯ ಅಧಿಕಾರಿಗಳ ಒಡನಾಟದಿಂದ ಹಕ್ಕಿಗಳ ಮೇಲಿನ ಆಸಕ್ತಿ ಗಟ್ಟಿಯಾಯಿತು.

1917ರಲ್ಲಿ ಮರಳಿ ಬಂದ ಸಲೀಂ, ಮನೆಯವರ ಒತ್ತಾಸೆಯಂತೆ ದಾವರ್ ಕಾಲೇಜಿನಲ್ಲಿ ವಾಣಿಜ್ಯ ಶಿಕ್ಷಣಕ್ಕೆ ಸೇರಿದರು. ಸೇಂಟ್ ಕ್ಸೇವಿಯರ್‌ನ ಪಾದ್ರಿ, ಸಸ್ಯವಿಜ್ಞಾನಿ ಎಥೆಲ್ಬರ್ಟ್ ಬ್ಲಾಟರ್ ಅವರು ಈ ತರುಣನ ನಿಜವಾದ ಒಲವನ್ನು ಗುರುತಿಸಿ ಪ್ರಾಣಿಶಾಸ್ತ್ರದ ತರಗತಿಗೂ ಎಳೆತಂದರು. 1918ರ ಡಿಸೆಂಬರ್‌ನಲ್ಲಿ ದೂರದ ಸಂಬಂಧಿ ತೆಹ್ಮಿನಾ ಅವರೊಂದಿಗೆ ವಿವಾಹವಾಯಿತು.

ಪದವಿಯಿಲ್ಲದ ಕಾರಣ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಬಾಗಿಲು ತೆರೆಯಲಿಲ್ಲ. 1926ರಲ್ಲಿ ಬೊಂಬಾಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದ ಹೊಸ ನಿಸರ್ಗ ವಿಭಾಗದಲ್ಲಿ ಮಾರ್ಗದರ್ಶಿ ಉಪನ್ಯಾಸಕನ ಕೆಲಸ ದೊರೆಯಿತು. ತಿಂಗಳಿಗೆ 350 ರೂಪಾಯಿ ಸಂಬಳ. ಎರಡು ವರ್ಷಗಳಲ್ಲಿ ಅದೂ ಬೇಸರ ತರಿಸಿತು. 1928ರಲ್ಲಿ ವ್ಯಾಸಂಗಕ್ಕಾಗಿ ರಜೆ ಪಡೆದು ಜರ್ಮನಿಗೆ ಹೊರಟರು.

ಬರ್ಲಿನ್ ವಿಶ್ವವಿದ್ಯಾಲಯದ ಪ್ರಾಣಿ ಸಂಗ್ರಹಾಲಯದಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಅವರು ಗುರುವಾದರು. ಸತ್ತ ಹಕ್ಕಿಗೆ ಹೆಸರಿಟ್ಟು ಪೆಟ್ಟಿಗೆಯಲ್ಲಿಡುವುದಷ್ಟೇ ಪಕ್ಷಿಶಾಸ್ತ್ರವಲ್ಲ, ಬದುಕಿರುವ ಹಕ್ಕಿಯ ನಡವಳಿಕೆ ಮತ್ತು ನೆಲೆಯ ಅಧ್ಯಯನವೂ ಅದರ ಭಾಗ ಎಂಬ ದೃಷ್ಟಿ ಸಲೀಂ ಅವರಿಗೆ ದೊರೆತದ್ದು ಇಲ್ಲಿಯೇ. ಹೆಲಿಗೋಲ್ಯಾಂಡ್ ದ್ವೀಪದ ಪಕ್ಷಿ ವೀಕ್ಷಣಾಲಯದಲ್ಲಿ ಹಕ್ಕಿಯ ಕಾಲಿಗೆ ಉಂಗುರ ತೊಡಿಸಿ ಅದರ ವಲಸೆಯ ಜಾಡು ಹಿಡಿಯುವ ಕ್ರಮವನ್ನೂ ಅವರು ಕಂಡರು.

ಕೆಲಸ ಹೋಯಿತು, ಗೀಜಗ ಸಿಕ್ಕಿತು

1930ರಲ್ಲಿ ಸ್ವದೇಶಕ್ಕೆ ಮರಳಿದಾಗ ಕೆಲಸವೇ ಇರಲಿಲ್ಲ. ಹಣದ ಕೊರತೆಯಿಂದ ಆ ಹುದ್ದೆಯನ್ನು ರದ್ದುಪಡಿಸಲಾಗಿತ್ತು. ಜರ್ಮನಿಯ ಉನ್ನತ ತರಬೇತಿ ಪಡೆದು ಬಂದವನಿಗೆ ಬೊಂಬಾಯಿಯಲ್ಲಿ ಬಾಡಿಗೆ ಕಟ್ಟುವುದೂ ದುಸ್ತರವಾಯಿತು. ತೆಹ್ಮಿನಾ ಅವರಿಗೆ ಸ್ವಂತದ ಅಲ್ಪ ಆದಾಯವಿತ್ತು. ಅದನ್ನು ನಂಬಿ ದಂಪತಿ ನಗರವನ್ನು ತೊರೆದು, ಕೊಲ್ಲಿಯಾಚೆಯ ಕರಾವಳಿ ಗ್ರಾಮ ಕಿಹೀಮ್‌ನ ಪುಟ್ಟ ಮನೆಗೆ ಬಂದರು.

ಮನೆಯ ಸಮೀಪದಲ್ಲೇ ಗೀಜಗಗಳು ಗೂಡು ನೇಯುತ್ತಿದ್ದವು. ಸಲೀಂ ಅಲಿ ಗಂಟೆಗಟ್ಟಲೆ ಕುಳಿತು ಅವುಗಳನ್ನು ನೋಡಿದರು. ಗಂಡು ಗೀಜಗ ಅರ್ಧ ಗೂಡು ಕಟ್ಟಿ ಹೆಣ್ಣಿಗಾಗಿ ಕಾಯುತ್ತದೆ. ಹೆಣ್ಣುಗಳು ಬಂದು ಪರೀಕ್ಷಿಸುತ್ತವೆ. ಒಂದು ಹೆಣ್ಣು ಒಪ್ಪಿ ಒಳಸೇರಿದ ಮೇಲೆ ಗಂಡು ಆ ಗೂಡನ್ನು ಪೂರ್ಣಗೊಳಿಸುತ್ತದೆ. ಬಳಿಕ ಇನ್ನೊಂದು ಗೂಡಿನ ಕೆಲಸ ಆರಂಭಿಸಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ. ನಮ್ಮ ಹಳ್ಳಿಗರು ತಲೆಮಾರುಗಳಿಂದ ನೋಡುತ್ತಿದ್ದ ಹಕ್ಕಿಯ ಈ ಸಂಸಾರ ಕ್ರಮವನ್ನು ಸಲೀಂ ಅಲಿ ವಿವರವಾಗಿ ದಾಖಲಿಸಿ ಪ್ರಕಟಿಸಿದರು. ವಿಜ್ಞಾನ ಲೋಕ ಅವರ ಹೆಸರನ್ನು ಗಮನಿಸಿತು. ಅದಕ್ಕೆ ಪ್ರಯೋಗಾಲಯ ಬೇಕಾಗಲಿಲ್ಲ, ಅನುದಾನವೂ ಬೇಕಾಗಲಿಲ್ಲ. ಸಮಯ, ತಾಳ್ಮೆ ಮತ್ತು ಕಂಡದ್ದನ್ನು ಅಂದೇ ಬರೆದಿಡುವ ಶಿಸ್ತು ಇದ್ದರೆ ಸಾಕಾಗಿತ್ತು.

ಖರ್ಚು ಸಂಸ್ಥಾನದ್ದು, ದುಡಿಮೆ ಉಚಿತ

ಭಾರತದ ಹಕ್ಕಿಗಳ ಕುರಿತು ಅಲ್ಲಿಯವರೆಗೆ ಇದ್ದ ಮಾಹಿತಿಯ ಬಹುಪಾಲು ಬ್ರಿಟಿಷ್ ಸೇನಾಧಿಕಾರಿಗಳು, ಅರಣ್ಯಾಧಿಕಾರಿಗಳು, ಕಾಫಿ ಮತ್ತು ಚಹಾ ತೋಟಗಳ ಮಾಲೀಕರು ಬಿಡುವಿನ ವೇಳೆಯಲ್ಲಿ ಕಲೆಹಾಕಿದ್ದು. ದೇಶೀ ಸಂಸ್ಥಾನಗಳ ವಿಸ್ತಾರವಾದ ಪ್ರದೇಶಗಳು ಈ ಲೆಕ್ಕದಲ್ಲಿ ಖಾಲಿಯಾಗಿಯೇ ಉಳಿದಿದ್ದವು. ಆ ಖಾಲಿ ಜಾಗಗಳನ್ನು ತುಂಬುವುದಾಗಿ ಸಲೀಂ ಅಲಿ ಪ್ರಸ್ತಾವ ಮುಂದಿಟ್ಟರು. ಬಿಡಾರ, ಪ್ರಯಾಣ ಹಾಗೂ ಸಹಾಯಕರ ವೆಚ್ಚವನ್ನು ಸಂಸ್ಥಾನ ಭರಿಸಿದರೆ ತಮ್ಮ ಸೇವೆಗೆ ಹಣ ಕೊಡಬೇಕಾಗಿಲ್ಲ ಎಂಬುದು ಅವರ ಷರತ್ತು.

ಮೊದಲು ಒಪ್ಪಿದ್ದು ಹೈದರಾಬಾದ್ ಸಂಸ್ಥಾನ. 1931-32ರಲ್ಲಿ ಆ ಸಮೀಕ್ಷೆ ನಡೆಯಿತು. ಇಂದಿನ ಕಲಬುರಗಿ, ಬೀದರ್, ರಾಯಚೂರು ಭಾಗಗಳೂ ಅಂದು ನಿಜಾಮರ ಆಳ್ವಿಕೆಗೆ ಸೇರಿದ್ದವು. 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳ ಸರದಿ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡು ಅವರ ಅಧ್ಯಯನದ ಕೇಂದ್ರವಾದದ್ದು ಈ ಸಮೀಕ್ಷೆಯಿಂದ. ಮುಂದೆ ಮಧ್ಯಭಾರತದ ಸಂಸ್ಥಾನಗಳು, ಮೈಸೂರು, ಕಛ್ ಮತ್ತು ಗುಜರಾತ್ ಸೇರಿ ಸುಮಾರು ಎರಡು ದಶಕ ಇದೇ ಕಾಯಕ ನಡೆಯಿತು.

ಬೆಳಕು ಹರಿಯುವ ಮುನ್ನವೇ ಬಿಡಾರದಿಂದ ಹೊರಡುವುದು, ಹಕ್ಕಿಗಳನ್ನು ಗಮನಿಸುವುದು, ಅಗತ್ಯವಾದವನ್ನು ಹೊಡೆದು ಸಂಗ್ರಹಿಸುವುದು ಅಂದಿನ ಕ್ರಮ. ಬಿಡಾರಕ್ಕೆ ತಂದ ಪ್ರತಿ ಹಕ್ಕಿಯ ರೆಕ್ಕೆ, ಕೊಕ್ಕು, ಬಾಲಗಳನ್ನು ಅಳೆಯಲಾಗುತ್ತಿತ್ತು. ಹೊಟ್ಟೆಯನ್ನು ಸೀಳಿ ಅದು ತಿಂದದ್ದು ಹುಳುವೋ ಹಣ್ಣೋ ಎಂದು ನೋಡಲಾಗುತ್ತಿತ್ತು. ಸಂತಾನದ ಅಂಗಗಳ ಸ್ಥಿತಿಯಿಂದ ಅದು ಗೂಡು ಕಟ್ಟುವ ಕಾಲವೇ ಎಂಬುದು ತಿಳಿಯುತ್ತಿತ್ತು. ಬಳಿಕ ಚರ್ಮಕ್ಕೆ ಹತ್ತಿ ತುಂಬಿ, ಕಾಲಿಗೆ ದಿನಾಂಕ ಮತ್ತು ಸ್ಥಳ ಬರೆದ ಚೀಟಿ ಕಟ್ಟಬೇಕು. ಆ ಚೀಟಿ ಇಲ್ಲದ ಹಕ್ಕಿಗೆ ವಿಜ್ಞಾನದಲ್ಲಿ ಬೆಲೆಯಿಲ್ಲ. ಸಂಗ್ರಹವಾದ ಮಾದರಿಗಳನ್ನು ಇಂಗ್ಲೆಂಡಿನಲ್ಲಿದ್ದ ಹ್ಯೂ ವಿಸ್ಲರ್ ಅವರು ಪರಿಶೀಲಿಸಿ ವರ್ಗೀಕರಿಸಿದರು.

ಹಕ್ಕಿಯನ್ನು ಕೊಂದು ಹಕ್ಕಿಯನ್ನು ಅರಿಯುವ ಈ ಮಾರ್ಗ ಇಂದಿನ ಓದುಗರಿಗೆ ಕಸಿವಿಸಿ ತರಬಹುದು. ದುರ್ಬೀನು ಮತ್ತು ಕ್ಯಾಮೆರಾಗಳು ಇಂದಿನಷ್ಟು ಸಮರ್ಥವಾಗಿಲ್ಲದ ಕಾಲದಲ್ಲಿ ಅದು ಅನಿವಾರ್ಯವೆಂಬ ನಿಲುವನ್ನು ಸಲೀಂ ಅಲಿ ಕೊನೆಯವರೆಗೂ ಬಿಡಲಿಲ್ಲ. ಶೋಕಿಗಾಗಿ ಕೊಲ್ಲುವುದು ಬೇರೆ, ಅರಿವಿಗಾಗಿ ಮಿತವಾಗಿ ಸಂಗ್ರಹಿಸುವುದು ಬೇರೆ ಎಂಬ ಭೇದವನ್ನು ಅವರು ಸ್ಪಷ್ಟವಾಗಿ ಇಟ್ಟುಕೊಂಡಿದ್ದರು.

ಹೆಸರಿನ ಪಟ್ಟಿಗಿಂತ ಹಕ್ಕಿ ಮತ್ತು ಕಾಡಿನ ನಡುವಣ ಸಂಬಂಧದಲ್ಲಿ ಅವರಿಗೆ ಹೆಚ್ಚು ಕುತೂಹಲ. ಯಾವ ಹೂವಿನ ಮಕರಂದಕ್ಕೆ ಯಾವ ಹಕ್ಕಿ ಬರುತ್ತದೆ, ಪರಾಗಸ್ಪರ್ಶಕ್ಕೆ ಅದರ ಕೊಡುಗೆಯೇನು ಎಂಬುದನ್ನು 1930ರ ದಶಕದಲ್ಲೇ ಅವರು ಬರೆದರು. ಬದನಿಕೆಯ ಹಣ್ಣನ್ನು ತಿಂದ ಪುಟ್ಟ ಬದನಿಕೆ ಹಕ್ಕಿ ಅಂಟು ಬೀಜವನ್ನು ಇನ್ನೊಂದು ಮರದ ಕೊಂಬೆಗೆ ಮೆತ್ತಿ ಗಿಡವನ್ನು ಹರಡುವ ಬಗೆಯನ್ನೂ ಗಮನಿಸಿದರು. ಹಕ್ಕಿಯಿಲ್ಲದಿದ್ದರೆ ಕಾಡೂ ಸೊರಗುತ್ತದೆ ಎಂಬ ಮಾತಿಗೆ ಹೀಗೆ ಪುರಾವೆ ಕೂಡಿಬಂತು.

ಎರಡನೆಯ ಸ್ವಯಂಸೇವಕಿ

ಈ ಉಚಿತ ಸೇವೆಯ ಕಥೆಯಲ್ಲಿ ಹೆಚ್ಚಾಗಿ ಮರೆಯಾಗುವ ಹೆಸರು ತೆಹ್ಮಿನಾ ಅವರದು. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮಾಡಿದ್ದ ಆಕೆ ಬೊಂಬಾಯಿಯ ಗಣ್ಯರ ವಲಯದಲ್ಲಿ ಸುಖವಾಗಿ ಇರಬಹುದಿತ್ತು. ಆದರೆ ಗಂಡನೊಂದಿಗೆ ಮಲೇರಿಯಾ ಪೀಡಿತ ಕಾಡುಗಳ ಬಿಡಾರಗಳನ್ನು ಸೇರಿದರು. ಆರಂಭದ ಸಮೀಕ್ಷೆಗಳಲ್ಲಿ ಆಕೆ ಜೊತೆಗಿದ್ದರು. ಬಿಡಾರದ ಬದುಕನ್ನು ಸಂಭಾಳಿಸುವುದರ ಜೊತೆಗೆ ಗಂಡನ ಇಂಗ್ಲಿಷ್ ಬರವಣಿಗೆಯನ್ನೂ ತಿದ್ದಿದರು. ಸಲೀಂ ಅಲಿ ಅವರ ಗದ್ಯದಲ್ಲಿ ಕಾಣುವ ಸರಳತೆ, ತಿಳಿಹಾಸ್ಯಗಳ ಹಿಂದೆ ಆಕೆಯ ಪಾಲು ದೊಡ್ಡದು.

ಸಂಬಳವಿಲ್ಲದ ಕೆಲಸವನ್ನು ವರ್ಷಾನುಗಟ್ಟಲೆ ಮಾಡಬೇಕಾದರೆ ಮನೆಯ ಒಲೆ ಉರಿಯುವ ವ್ಯವಸ್ಥೆ ಬೇರೆಡೆಯಿಂದ ಆಗಬೇಕು. ಸಲೀಂ ಅಲಿ ಅವರ ವಿಷಯದಲ್ಲಿ ಆ ಭಾರ ಹೊತ್ತದ್ದು ಪತ್ನಿಯ ಆದಾಯ ಮತ್ತು ಬಂಧುಬಳಗದ ಆಸರೆ. ಅಂಥ ಆಸರೆಯಿಲ್ಲದ, ಅವರಷ್ಟೇ ಪ್ರತಿಭಾವಂತನಾದ ಬಡ ಹುಡುಗನೊಬ್ಬ ಆ ಕಾಲದಲ್ಲಿ ಈ ದಾರಿಯನ್ನು ಹಿಡಿಯಲಾಗುತ್ತಿರಲಿಲ್ಲ. ಕಾಡಿನ ದಾರಿ ತೋರಿದ ಗಿರಿಜನರು, ಗಾಡಿ ಹೊಡೆದವರು, ಚರ್ಮ ಸುಲಿದ ಸಹಾಯಕರು ಕೂಲಿಗಾಗಿ ದುಡಿದರು. ಅವರ ಅರಿವೂ ಆ ವರದಿಗಳಲ್ಲಿ ಸೇರಿಹೋಗಿದೆ. ಉಚಿತವೆಂದು ಕರೆಯುವ ಸಂಶೋಧನೆಯ ವೆಚ್ಚವನ್ನು ಒಬ್ಬರಲ್ಲ ಒಬ್ಬರು ಭರಿಸಿಯೇ ಇರುತ್ತಾರೆ.

1939ರ ಜುಲೈನಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯೊಂದರ ಬಳಿಕ ತೆಹ್ಮಿನಾ ತೀರಿಕೊಂಡರು. ಸಲೀಂ ಅಲಿ ಕುಸಿದುಹೋದರು. ಅವರಿಗೆ ಮಕ್ಕಳಿರಲಿಲ್ಲ. ಸಹೋದರಿ ಕಮೂ ಮತ್ತು ಭಾವ ಹಸನ್ ಅಲಿ ಅವರನ್ನು ತಮ್ಮ ಮನೆಗೆ ಕರೆದೊಯ್ದರು. ಆ ಮನೆಯೇ ಅವರ ಮುಂದಿನ ಬದುಕಿಗೆ ನೆಲೆಯಾಯಿತು. ಅವರು ಮರುಮದುವೆಯಾಗಲಿಲ್ಲ.

ಮೈಸೂರಿನ ಕಾಡುಗಳಲ್ಲಿ

ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆದದ್ದು ಈ ಆಘಾತದ ಬೆನ್ನಲ್ಲೇ, 1939-40ರಲ್ಲಿ. ಜೊತೆಯಾಗಿ ಕಾಡು ಸುತ್ತಿದವಳಿಲ್ಲದ ಬಿಡಾರದಲ್ಲಿ ಕೆಲಸವೊಂದೇ ಸಮಾಧಾನವಾಗಿತ್ತು. ಬಯಲುಸೀಮೆಯ ಕುರುಚಲು ಕಾಡಿನಿಂದ ಮಲೆನಾಡಿನ ಮಳೆಕಾಡಿನವರೆಗೆ ಹರಡಿದ್ದ ಸಂಸ್ಥಾನದ ಹಕ್ಕಿಗಳ ವಿವರ ಸೊಸೈಟಿಯ ನಿಯತಕಾಲಿಕದಲ್ಲಿ 1942-43ರಲ್ಲಿ ಕಂತುಗಳಾಗಿ ಪ್ರಕಟವಾಯಿತು. ಕನ್ನಡ ನಾಡಿನ ಹಕ್ಕಿಗಳ ಕುರಿತು ಇಂದಿಗೂ ಸಂಶೋಧಕರು ಹಿಂದಿರುಗಿ ನೋಡುವ ಮೂಲ ದಾಖಲೆಗಳಲ್ಲಿ ಅದೊಂದು.

ಕನ್ನಡಿಗರಿಗೆ ಅದಕ್ಕಿಂತ ಕಣ್ಣಿಗೆ ಕಾಣುವ ಕೊಡುಗೆ ಶ್ರೀರಂಗಪಟ್ಟಣದ ಬಳಿ ಇದೆ. ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಒಡ್ಡು ಕಟ್ಟಿದಾಗ ನದಿಯ ನಡುವೆ ಉಂಟಾದ ಸಣ್ಣ ನಡುಗಡ್ಡೆಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಬಾಯ್ಕಳಕ ಮುಂತಾದ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಅದರ ಮಹತ್ವವನ್ನು ಮನಗಂಡ ಸಲೀಂ ಅಲಿ ಮೈಸೂರು ಅರಸರಿಗೆ ಅದನ್ನು ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಣೆಯಾಯಿತು. ಒಂದು ಚದರ ಕಿಲೋಮೀಟರ್‌ಗಿಂತ ಕಡಿಮೆ ವಿಸ್ತೀರ್ಣದ ಈ ತಾಣ 2022ರಲ್ಲಿ ರಾಮ್ಸರ್ ಪಟ್ಟಿ ಸೇರಿ, ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆ ಪಡೆದ ಕರ್ನಾಟಕದ ಮೊದಲ ತಾಣವಾಯಿತು.

1941ರಲ್ಲಿ ಅವರ ಭಾರತೀಯ ಪಕ್ಷಿಗಳ ಪುಸ್ತಕ ಹೊರಬಂತು. ಸಾಮಾನ್ಯ ಓದುಗನೂ ಅಂಗಳದ ಹಕ್ಕಿಯನ್ನು ಗುರುತಿಸಬಹುದಾದ ಆ ಸಚಿತ್ರ ಗ್ರಂಥ ಅನೇಕ ಮುದ್ರಣಗಳನ್ನು ಕಂಡಿತು. ಅದನ್ನು ಕೈಯಲ್ಲಿ ಹಿಡಿದು ಹಕ್ಕಿ ನೋಡಲು ಹೊರಟವರಿಂದಲೇ ಮುಂದಿನ ತಲೆಮಾರಿನ ಸ್ವಯಂಸೇವಕರು ಮೂಡಿಬಂದರು. ಅಮೆರಿಕದ ಸಿಡ್ನಿ ಡಿಲ್ಲನ್ ರಿಪ್ಲಿ ಅವರೊಂದಿಗೆ ಬರೆದ ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಕೈಪಿಡಿ ಹತ್ತು ಸಂಪುಟಗಳಲ್ಲಿ 1968ರಿಂದ 1974ರವರೆಗೆ ಪ್ರಕಟವಾಯಿತು. ಸಮೀಕ್ಷೆಗಳ ದಿನಚರಿಗಳೇ ಆ ಮಹಾಗ್ರಂಥಕ್ಕೆ ತಳಹದಿಯಾದವು.

ಮಂಗನಕಾಯಿಲೆ ಮತ್ತು ವಲಸೆ ಹಕ್ಕಿ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋದ ಜನ ಜ್ವರದಿಂದ ಮಲಗಿದರು. ಉಣುಗುಗಳ ಮೂಲಕ ಹರಡುವ ಹೊಸ ವೈರಾಣುವನ್ನು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪತ್ತೆಹಚ್ಚಿದರು. ಅದು ರಷ್ಯಾದ ಕಾಡುಗಳಲ್ಲಿ ಕಾಣುವ ಮಿದುಳುಜ್ವರದ ವೈರಾಣುವಿಗೆ ಹತ್ತಿರದ ಸಂಬಂಧಿಯಾಗಿತ್ತು. ಸೈಬೀರಿಯಾದ ಕಡೆಯಿಂದ ಬರುವ ವಲಸೆ ಹಕ್ಕಿಗಳ ಮೈಮೇಲೆ ಕುಳಿತು ಉಣುಗುಗಳೇ ಈ ರೋಗವನ್ನು ಮಲೆನಾಡಿಗೆ ತಂದಿರಬಹುದೆ ಎಂಬ ಶಂಕೆ ಹುಟ್ಟಿತು.

ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕಾರ್ಯಕ್ಕಾಗಿ ವರ್ಷಗಳಿಂದ ಹಣಕ್ಕೆ ಪರದಾಡುತ್ತಿದ್ದ ಸಲೀಂ ಅಲಿ ಅವರಿಗೆ ಈ ಶಂಕೆ ಅನಿರೀಕ್ಷಿತ ಅವಕಾಶ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸೊಸೈಟಿಯ ವಲಸೆ ಅಧ್ಯಯನ ಆರಂಭವಾಯಿತು. ಭರತಪುರ, ಕಛ್, ತಮಿಳುನಾಡಿನ ಪಾಯಿಂಟ್ ಕ್ಯಾಲಿಮಿಯರ್ ಮೊದಲಾದೆಡೆ ಬಿಡಾರಗಳು ನಡೆದವು. ಬಲೆಗೆ ಬಿದ್ದ ಹಕ್ಕಿಯನ್ನು ನೋವಾಗದಂತೆ ಬಿಡಿಸಿ, ತೂಕ ನೋಡಿ, ಮೈಮೇಲಿನ ಉಣುಗು ತೆಗೆದು, ಉಂಗುರ ತೊಡಿಸಿ ಹಾರಿಬಿಡುವ ಕೆಲಸದಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಪಳಗಿದರು.

ವಲಸೆ ಹಕ್ಕಿಗಳ ಮೇಲಿನ ಆರೋಪಕ್ಕೆ ದೃಢವಾದ ಆಧಾರ ಸಿಗಲಿಲ್ಲ. ಸ್ಥಳೀಯ ಕಾಡಿನ ಉಣುಗುಗಳೇ ಮಂಗನಕಾಯಿಲೆಯನ್ನು ಹರಡುತ್ತವೆ ಎಂಬುದು ಖಚಿತವಾಯಿತು. ಆದರೆ ಆ ನೆಪದಲ್ಲಿ ದೇಶದ ಹಕ್ಕಿಗಳ ವಲಸೆಯ ದಾರಿಗಳ ಕುರಿತು ಅಮೂಲ್ಯ ಮಾಹಿತಿ ಸಂಗ್ರಹವಾಯಿತು. ಒಂದು ಪ್ರಶ್ನೆಗೆ ಉತ್ತರ ಹುಡುಕಲು ಹೊರಟವರಿಗೆ ಬೇರೊಂದು ಪ್ರಶ್ನೆಯ ಉತ್ತರ ದೊರೆಯುವುದು ವಿಜ್ಞಾನದಲ್ಲಿ ಹೊಸದೇನಲ್ಲ.

ಬಿಡಾರದಲ್ಲಿ ಸಲೀಂ ಅಲಿ ಕಟ್ಟುನಿಟ್ಟಿನ ಮನುಷ್ಯ. ವೇಳೆ ತಪ್ಪಿದರೆ, ಟಿಪ್ಪಣಿ ಅಸ್ಪಷ್ಟವಾಗಿದ್ದರೆ, ಕಾಣದ ಹಕ್ಕಿಯನ್ನು ಕಂಡೆನೆಂದು ಬರೆದರೆ ಅವರ ಸಿಟ್ಟಿಗೆ ಗುರಿಯಾಗಬೇಕಿತ್ತು. ಗೊರಕೆ ಹೊಡೆಯುವವರನ್ನಂತೂ ಅವರು ಸಹಿಸುತ್ತಿರಲಿಲ್ಲ. ಆದರೆ ಗಟ್ಟಿ ಆಸಕ್ತಿಯ ಹುಡುಗನೊಬ್ಬ ಪತ್ರ ಬರೆದರೆ ಮಿಲ್ಲರ್ಡ್ ತಮಗೆ ತೋರಿದ ಆದರವನ್ನೇ ಅವರೂ ತೋರುತ್ತಿದ್ದರು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರೂ ಬಾಲ್ಯದಲ್ಲೇ ಸಲೀಂ ಅಲಿ ಅವರ ಪ್ರಭಾವಕ್ಕೆ ಒಳಗಾದವರು.

ದಿನಚರಿ ಸಾಕ್ಷಿಯಾದಾಗ

ಕಾಡಿನ ಲೆಕ್ಕ ಬರೆಯುವುದರಿಂದ ಕಾಡು ಉಳಿಯುವುದೆ ಎಂಬ ಸಂದೇಹ ಸಹಜ. ಉತ್ತರ ಕೇರಳದಲ್ಲಿದೆ. ತಿರುವಾಂಕೂರು ಸಮೀಕ್ಷೆಯ ವೇಳೆ ಪೆರಿಯಾರ್ ನದಿಯ ಬಳಿಯ ತಟ್ಟೇಕ್ಕಾಡ್ ಪ್ರದೇಶದ ಪಕ್ಷಿ ಸಂಪತ್ತನ್ನು ಸಲೀಂ ಅಲಿ ಗುರುತಿಸಿದ್ದರು. ಅರ್ಧ ಶತಮಾನದ ಬಳಿಕ, 1983ರಲ್ಲಿ ಅಲ್ಲಿ ಪಕ್ಷಿಧಾಮ ರೂಪುಗೊಂಡಿತು. ಇಂದು ಅದಕ್ಕೆ ಅವರದೇ ಹೆಸರು.

ಪಾಲಕ್ಕಾಡ್ ಜಿಲ್ಲೆಯ ಮೌನಕಣಿವೆಯಲ್ಲಿ ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ಉತ್ಪಾದಿಸುವ ಯೋಜನೆಯ ವಿರುದ್ಧ 1970ರ ದಶಕದಲ್ಲಿ ಜನಾಂದೋಲನ ಎದ್ದಿತು. ಶಾಲಾ ಶಿಕ್ಷಕರು, ಕವಿಗಳು, ವಿಜ್ಞಾನಿಗಳು ಜೊತೆಗೂಡಿದ ಆ ಹೋರಾಟದಲ್ಲಿ ಎಂಬತ್ತರ ಹರೆಯದ ಸಲೀಂ ಅಲಿ ಕಣಿವೆಗೆ ಭೇಟಿ ನೀಡಿ ಯೋಜನೆಯನ್ನು ಕೈಬಿಡುವಂತೆ ಸರ್ಕಾರವನ್ನು ಒತ್ತಾಯಿಸಿದರು. ಪಶ್ಚಿಮ ಘಟ್ಟದ ಮಳೆಕಾಡನ್ನು ಕಾಲ್ನಡಿಗೆಯಲ್ಲಿ ಅರಿತವರ ಮಾತಿಗೆ ದೆಹಲಿಯಲ್ಲಿ ತೂಕವಿತ್ತು. ಯೋಜನೆ ರದ್ದಾಯಿತು. 1984ರಲ್ಲಿ ಮೌನಕಣಿವೆ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು.

ಹವ್ಯಾಸಿಯ ಸಂಗ್ರಹ ತಡವಾಗಿಯಾದರೂ ಫಲ ಕೊಡುವುದಕ್ಕೆ ಇನ್ನೊಂದು ನಿದರ್ಶನವಿದೆ. 1948ರಲ್ಲಿ ತಮಿಳುನಾಡಿನ ಮೇಘಮಲೆಯ ಚಹಾ ತೋಟಗಳ ಕಡೆ ಆಂಗಸ್ ಹಟ್ಟನ್ ಎಂಬ ನಿಸರ್ಗಪ್ರಿಯ ತೋಟಗಾರ ಹಣ್ಣುಬಾವಲಿಯೊಂದನ್ನು ಹಿಡಿದು ಸೊಸೈಟಿಗೆ ಕಳುಹಿಸಿದ್ದರು. ಅದನ್ನು ಸಾಮಾನ್ಯ ಜಾತಿಯದೆಂದು ಬಗೆದು ಸಂಗ್ರಹದಲ್ಲಿ ಇಡಲಾಯಿತು. 1972ರಲ್ಲಿ ಥಾಯ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಕಿಟ್ಟಿ ಥೊಂಗ್‌ಲೊಂಗ್ಯಾ ಆ ಮಾದರಿಯನ್ನು ಪರಿಶೀಲಿಸಿದಾಗ ಅದು ಜಗತ್ತಿಗೆ ಹೊಸದಾದ ಕುಲವೆಂದು ತಿಳಿಯಿತು. ಅದಕ್ಕೆ ಸಲೀಂ ಅಲಿ ಅವರ ಹೆಸರನ್ನೇ ಇಡಲಾಯಿತು. ಪಶ್ಚಿಮ ಘಟ್ಟದ ಈ ಬಾವಲಿ ಅತ್ಯಂತ ವಿರಳ ಸಸ್ತನಿಗಳಲ್ಲಿ ಒಂದು.

ಭರತಪುರದ ಪಾಠ

ಇಷ್ಟೆಲ್ಲ ಸಾಧನೆಯ ನಡುವೆ ಕಹಿಯಾದ ಅಧ್ಯಾಯವೂ ಇದೆ. ರಾಜಸ್ಥಾನದ ಭರತಪುರದ ಕೇವಲಾದೇವ್ ಜೌಗುಭೂಮಿ ಅರಸರ ಬೇಟೆಯ ತಾಣವಾಗಿತ್ತು. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ಬೇಟೆಯಂದು ಒಂದೇ ದಿನ ನಾಲ್ಕು ಸಾವಿರಕ್ಕೂ ಹೆಚ್ಚು ಹಕ್ಕಿಗಳನ್ನು ಹೊಡೆದುರುಳಿಸಲಾಗಿತ್ತು. ಸ್ವಾತಂತ್ರ್ಯಾನಂತರ ಅದನ್ನು ಬರಿದುಮಾಡಿ ಉಳುಮೆಗೆ ಕೊಡಬೇಕೆಂಬ ಬೇಡಿಕೆ ಬಂದಾಗ ಸಲೀಂ ಅಲಿ ಅಡ್ಡನಿಂತು ಉಳಿಸಿದರು. ಅದು 1985ರಲ್ಲಿ ವಿಶ್ವ ಪರಂಪರೆಯ ತಾಣವೂ ಆಯಿತು.

ಆದರೆ ಎಮ್ಮೆದನಗಳ ಮೇಯಿಸುವಿಕೆಯಿಂದ ಪಕ್ಷಿಧಾಮಕ್ಕೆ ಹಾನಿಯೆಂದು ಸಲೀಂ ಅಲಿ ಮತ್ತು ಅವರ ಸಂಗಡಿಗರು ನಂಬಿದ್ದರು. ಅವರ ಸಲಹೆಯಂತೆ 1982ರಲ್ಲಿ ಮೇವಿಗೆ ನಿಷೇಧ ಹೇರಲಾಯಿತು. ತಲೆಮಾರುಗಳಿಂದ ಅಲ್ಲಿ ದನ ಮೇಯಿಸುತ್ತಿದ್ದ ಹಳ್ಳಿಗರು ಪ್ರತಿಭಟಿಸಿದರು. ಪೊಲೀಸರ ಗೋಲಿಬಾರಿಗೆ ಹಲವರು ಬಲಿಯಾದರು. ಮುಂದೆ ಸೊಸೈಟಿಯ ಸಂಶೋಧಕರೇ ದಶಕ ಕಾಲ ನಡೆಸಿದ ಅಧ್ಯಯನದ ಫಲಿತಾಂಶ ನಿರೀಕ್ಷೆಗೆ ವಿರುದ್ಧವಾಗಿ ಬಂತು. ಎಮ್ಮೆಗಳು ಮೇಯುವುದು ನಿಂತ ಮೇಲೆ ಹುಲ್ಲು ಮಿತಿಮೀರಿ ಬೆಳೆದು ನೀರಿನ ಹರವನ್ನು ಮುಚ್ಚಿತು. ಹಲವು ನೀರಹಕ್ಕಿಗಳಿಗೆ ಅದು ಪ್ರತಿಕೂಲವಾಯಿತು.

ಜೀವ ಕಳೆದುಕೊಂಡ ಹಳ್ಳಿಗರ ಕುಟುಂಬಗಳಿಗೆ ಈ ಫಲಿತಾಂಶ ಯಾವ ಪರಿಹಾರವನ್ನೂ ತರಲಿಲ್ಲ. ಸಂರಕ್ಷಣೆಯ ಹೆಸರಿನ ತೀರ್ಮಾನಕ್ಕೆ ಮುನ್ನ ಅಳತೆ ಮತ್ತು ಅಧ್ಯಯನಗಳು ನಡೆಯಬೇಕು, ಕಾಡಂಚಿನ ಜನರ ಅನುಭವವನ್ನು ಆಲಿಸಬೇಕು ಎಂಬ ಪಾಠವನ್ನು ಭರತಪುರ ದುಬಾರಿ ಬೆಲೆಗೆ ಕಲಿಸಿತು. ಹಿರಿಯರ ನಂಬಿಕೆಯನ್ನು ಅವರು ಬೆಳೆಸಿದ ಸಂಸ್ಥೆಯ ಕಿರಿಯರೇ ಅಂಕಿಅಂಶಗಳಿಂದ ತಿದ್ದಿದರು. ಕಂಡದ್ದನ್ನು ಕಂಡಂತೆ ಬರೆಯುವ ಶಿಸ್ತು ತನ್ನನ್ನು ಕಲಿಸಿದವರನ್ನೂ ಬಿಡಲಿಲ್ಲ.

ಉಳಿದುಹೋದ ಬಳುವಳಿ

ಗೌರವಗಳು ತಡವಾಗಿಯಾದರೂ ಸಾಲುಸಾಲಾಗಿ ಬಂದವು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ. ಪ್ರತಿಷ್ಠಿತ ಜೆ. ಪಾಲ್ ಗೆಟ್ಟಿ ವನ್ಯಜೀವಿ ಸಂರಕ್ಷಣಾ ಪ್ರಶಸ್ತಿಯ ಹಣವನ್ನು ಅವರು ನಿಸರ್ಗ ಸಂರಕ್ಷಣೆಯ ನಿಧಿಗೆ ನೀಡಿದರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಅವರ ಆತ್ಮಕಥೆ ಪ್ರಕಟವಾಯಿತು. ಬಾಲ್ಯದಲ್ಲಿ ಬಿದ್ದ ಆ ಒಂದು ಗುಬ್ಬಿಯ ನೆನಪು ಅದರ ಶೀರ್ಷಿಕೆಯಲ್ಲೇ ಉಳಿದಿದೆ. 1987ರ ಜೂನ್ 20ರಂದು, ತೊಂಬತ್ತರ ವಯಸ್ಸಿನಲ್ಲಿ ಸಲೀಂ ಅಲಿ ನಿಧನರಾದರು. 1990ರಲ್ಲಿ ಕೊಯಮತ್ತೂರಿನ ಬಳಿ, ಪಶ್ಚಿಮ ಘಟ್ಟದ ಅಡಿಯಲ್ಲಿ ಅವರ ಹೆಸರಿನ ಪಕ್ಷಿಶಾಸ್ತ್ರ ಹಾಗೂ ನಿಸರ್ಗ ಇತಿಹಾಸ ಕೇಂದ್ರ ಆರಂಭವಾಯಿತು.

ಅವರು ತೀರಿಕೊಂಡ 1987ರಲ್ಲೇ ಏಷ್ಯಾದ ನೀರಹಕ್ಕಿಗಳ ಗಣತಿ ಶುರುವಾಯಿತು. ಪ್ರತಿ ಜನವರಿಯಲ್ಲಿ ಕೆರೆಕಟ್ಟೆಗಳ ದಡದಲ್ಲಿ ನಿಂತು ಹಕ್ಕಿಗಳನ್ನು ಎಣಿಸುವವರು ಬಹುತೇಕ ಸ್ವಯಂಸೇವಕರು. 2009ರಲ್ಲಿ ಕೇರಳದ ಪಕ್ಷಿವೀಕ್ಷಕರು 1933ರ ಸಮೀಕ್ಷೆಯ ಬಿಡಾರಗಳನ್ನು ಮತ್ತೆ ಅರಸಿ ಹೊರಟು, ಮುಕ್ಕಾಲು ಶತಮಾನದಲ್ಲಿ ಏನು ಬದಲಾಗಿದೆ ಎಂದು ಹೋಲಿಸಿ ನೋಡಿದರು. ಸ್ಥಳ ಮತ್ತು ದಿನಾಂಕಗಳನ್ನು ನಮೂದಿಸಿದ ಹಳೆಯ ದಾಖಲೆ ಇದ್ದುದರಿಂದಲೇ ಆ ಹೋಲಿಕೆ ಸಾಧ್ಯವಾಯಿತು. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಗೆ ಸುಮಾರು 30 ಸಾವಿರ ಪಕ್ಷಿವೀಕ್ಷಕರು ನೀಡಿದ ಸುಮಾರು 3 ಕೋಟಿ ದಾಖಲೆಗಳು ಆಧಾರ. ಅವರಲ್ಲಿ ಬಹುತೇಕರು ಇದಕ್ಕಾಗಿ ಬಿಡಿಗಾಸನ್ನೂ ಪಡೆದವರಲ್ಲ.

ಕಾಡಿನ ಸಂಶೋಧನೆಗೆ ಸ್ವಯಂಸೇವಕರಾಗಿ ಹೊರಡುವ ಇಂದಿನ ಯುವಜನರಿಗೆ ಸಲೀಂ ಅಲಿ ಅವರ ಬದುಕು ಕೊಡುವ ಬುದ್ಧಿವಾದ ಆಡಂಬರದ್ದಲ್ಲ. ಹಕ್ಕಿಯ ಮೇಲಿನ ಪ್ರೀತಿ ದಾರಿಯನ್ನು ತೋರಬಹುದು, ಆದರೆ ಕಾಡಿಗೆ ಉಪಕಾರವಾಗುವುದು ಪ್ರತಿದಿನ ತಪ್ಪದೆ ಬರೆದ ನಿಖರವಾದ ಟಿಪ್ಪಣಿಯಿಂದ. ಉಚಿತ ದುಡಿಮೆಯನ್ನು ಪಡೆಯುವ ಸಂಸ್ಥೆಗಳಿಗೂ, ಸರ್ಕಾರಗಳಿಗೂ ಅದರಲ್ಲೊಂದು ಎಚ್ಚರಿಕೆಯಿದೆ. ಮನೆಯಲ್ಲಿ ಆಸರೆಯಿದ್ದವರಷ್ಟೇ ಕಾಡನ್ನು ಅಧ್ಯಯನ ಮಾಡುವಂತಾದರೆ ಆಸರೆಯಿಲ್ಲದ ಪ್ರತಿಭಾವಂತರು ಹೊರಗುಳಿಯುತ್ತಾರೆ. ಒಬ್ಬ ತೆಹ್ಮಿನಾ ಇಲ್ಲದೆ ಒಬ್ಬ ಸಲೀಂ ಅಲಿ ಆಗುವುದು ಸುಲಭವಾಗಿರಲಿಲ್ಲ ಎಂಬುದನ್ನು ನಾಡು ಮರೆಯಬಾರದು.